ಅರ್ಥವಾಗದವರ ಎದುರು

ತಿರುವಲ್ಲಿಕ್ಕೇಣಿ, ಮದರಾಸು
12-6-1961

ಚಿ. ವಿನೋದಾ,

ಧಾರವಾಡದಲ್ಲಿ ಮಳೆ ಹಿಡಿದಿದೆ ಎಂದು ನಿನ್ನೆಯ ಪೇಪರಿನಿಂದ ತಿಳಿಯಿತು. ನಿನ್ನಿಂದ ತಿಳಿದದ್ದಲ್ಲ. ಇರಲಿ, ನೀನು ಕಾಲೇಜಿನ ಕೆಲಸದವಳು. ನಾನು ಆರೋಗ್ಯವಾಗಿದ್ದೇನೆ, ಎಡಗಡೆಯ ಮೊಣಕಾಲೊಂದನ್ನು ಬಿಟ್ಟು.

ಒಂದು ವಿಶೇಷ ಉಂಟು. ನಿನ್ನ ಅಪ್ಪಯ್ಯ ಈಗ ಮಾಷ್ಟ್ರು. ರೈಲ್ವೆ ಆಫೀಸಿನಿಂದ ಹೊರಬಿದ್ದು ವರ್ಷದ ಮೇಲಾಯಿತಲ್ಲ, ಮನೆಯಲ್ಲಿ ಕೂತು ಗೋಡೆ ನೋಡಿ ನೋಡಿ ಸಾಕಾಗಿತ್ತು. ಸೌಕಾರ್‌ಪೇಟೆಯಲ್ಲಿ ನಮ್ಮ ಉಡುಪಿ ಕಡೆಯವರ ಒಂದು ಹೋಟೆಲು ಉಂಟು. ಅದರ ಮಹಡಿಯ ಕೋಣೆ ಮಧ್ಯಾಹ್ನ ನಾಲ್ಕರಿಂದ ಐದೂವರೆಯ ತನಕ ಖಾಲಿ. ಅಲ್ಲಿ ಇಂಗ್ಲಿಷ್ ಕ್ಲಾಸು. ಮಾತಾಡಲು ಕಲಿಸುವುದೆಂದು ಶುರು ಮಾಡಿದೆ. ಒಂದು ತಿಂಗಳಾದ ಮೇಲೆ ತಿಳಿಯಿತು, ಇವರಿಗೆ ಬಾಯಿಯ ತೊಂದರೆ ಅಲ್ಲ, ಕಿವಿಯ ತೊಂದರೆ. ಬಾಯಿಪಾಠ ಮಾಡಿಸಿದ್ದನ್ನು ಹೇಳುತ್ತಾರೆ. ಎದುರಿನವನು ಏನಂದ ಎಂದರೆ ಗೊತ್ತಿಲ್ಲ.

ನಮ್ಮ ಮೋನಪ್ಪನ ಕತೆ ಕೇಳು. ಅದೇ ಹೋಟೆಲಿನ ಕ್ಯಾಷಿಯರು. ಟೆಲಿಫೋನಿನಲ್ಲಿ ಯಾವುದೋ ಕಂಪನಿಯವರು ನಲವತ್ತು ಊಟ ಬೇಡ, ಕ್ಯಾನ್ಸಲ್ ಎಂದು ಇಂಗ್ಲಿಷಿನಲ್ಲಿ ಹೇಳಿದರಂತೆ. ಇವನು "ಯೆಸ್ ಯೆಸ್, ವೆರಿ ಗುಡ್" ಎಂದು ನಲವತ್ತೂ ಊಟ ಕಳಿಸಿದ. ಅವು ಹಾಗೇ ವಾಪಸು ಬಂದವು, ಹೋಟೆಲಿನವರೆಲ್ಲ ಮೂರು ಹೊತ್ತು ಅದನ್ನೇ ಉಂಡರು.

ಇನ್ನೊಬ್ಬ ಪಂಢರಿನಾಥ, ಜವಳಿ ಅಂಗಡಿಯ ಗುಮಾಸ್ತ, ಬುದ್ಧಿವಂತ. ಮತ್ತೊಬ್ಬಳು ಅಮ್ಮಣ್ಣಿ ಎಂದು ಮೈಸೂರು ಕಡೆಯ ಹೆಂಗಸು, ಮೂವತ್ತೈದು ನಲವತ್ತರ ಪ್ರಾಯ, ಗಂಡ ತೀರಿಕೊಂಡಿದ್ದಾನೆ. ರಾಯಪುರಂನಿಂದ ನಡೆದು ಬರುತ್ತಾಳೆ. ಒಂದು ನರ್ಸಿಂಗ್ ಹೋಮಿನಲ್ಲಿ ವಾರ್ಡಿನ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಅಲ್ಲಿಯ ಡಾಕ್ಟರುಗಳು ಇಂಗ್ಲಿಷಿನಲ್ಲೇ ಹೇಳುವವರಂತೆ. ಬಂದು ಒಂದು ತಿಂಗಳಾಯಿತು, ಒಂದು ಶಬ್ದ ಬಾಯಿಂದ ಹೊರಟಿಲ್ಲ. ಹಂಡೆಯ ಹಾಗೆ ಕೂತಿರುತ್ತಾಳೆ. ಸುಮ್ಮನೆ ಕಾಲು ಸವೆಸಬೇಡ ಎಂದು ಹೇಳಿ ಕಳಿಸಿಬಿಡುವುದೇ ಧರ್ಮವೇನೋ.

ನೀನು ಮಾಷ್ಟ್ರುಗಳಿಗೇ ಪಾಠ ಹೇಳುವವಳು. ಕಿವಿಗೆ ಪಾಠ ಹೇಳುವುದು ಹೇಗೆ, ಬರೆ. ನಾನು ಮಂಗಳೂರಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ನಮ್ಮ ಪ್ರೊಫೆಸರು ದಿನಾ ಹೇಳುತ್ತಿದ್ದರು, "ದಿ ಇಯರ್, ಜಂಟಲ್‌ಮೆನ್, ಈಸ್ ದಿ ಗೇಟ್ ಆಫ್..." ಯಾವುದರ ಗೇಟು ಎಂಬುದು ಮರೆತಿದೆ. ಗೇಟು ಮಾತ್ರ ನೆನಪುಂಟು.

ದೀಪಾವಳಿಗಾದರೂ ಬಾ. ನೀನು ಈ ಮನೆಗೆ ಕಾಲಿಡದೆ ಐದು ವರ್ಷ ಆಗುತ್ತ ಬಂತು. ಪ್ರತಿ ಸಲ ಒಂದು ಪರೀಕ್ಷೆ, ಒಂದು ಕ್ಯಾಂಪು. ನೆರೆಯವರು ಕೇಳುತ್ತಾರೆ. ನಾನೇ ಅಲ್ಲಿಗೆ ಬರುತ್ತೇನೆ ಎಂದರೆ ಹಾಸ್ಟೆಲಿನಲ್ಲಿ ಜಾಗ ಇಲ್ಲ ಎನ್ನುತ್ತಿ. ಏನೋ, ಬಾ.

ನಿನ್ನ ದಾರಿ ನೋಡುವ,
ಅಪ್ಪಯ್ಯ


ಧಾರವಾಡ
21-6-1961

ಅಪ್ಪಯ್ಯನವರಿಗೆ ವಿನೋದಾಳ ನಮಸ್ಕಾರ.

ಪತ್ರ ತಲುಪಿತು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಟ್ರಾಮು ನಿಂತುಹೋದ ಮೇಲೆ ನೀವು ಬಸ್ಸಿಗೆ ಓಡುವವರೆಂದು ಗೊತ್ತಿದೆ.

ಕಿವಿಯ ಪಾಠದ ಬಗ್ಗೆ ನನಗೆ ತಿಳಿದದ್ದು ಇಷ್ಟು. ಭಾಷೆ ಮೊದಲು ಕಿವಿಗೆ ಬರುತ್ತದೆ, ಬಾಯಿಗೆ ಬಹಳ ತಡವಾಗಿ. ಕೆಲವರಿಗೆ ಬಾಯಿಗೆ ಬರುವುದೇ ಇಲ್ಲ, ಆದರೆ ಅರ್ಥವಾಗಿರುತ್ತದೆ. ಆದ್ದರಿಂದ ಕೇಳಿಸಿಕೊಂಡರೋ ಇಲ್ಲವೋ ಎಂದು ನೋಡಲು ಮಾತಾಡಿಸಬೇಡಿ. ಕೈಯಿಂದ ಏನಾದರೂ ಮಾಡಿಸಿ. ಒಂದು ಮಾತನ್ನು ಒಮ್ಮೆ ಮಾತ್ರ ಹೇಳಿ. ತಿರುಗಿ ಹೇಳಿದರೆ ಮೊದಲ ಸಲ ಕೇಳಬೇಕಾಗಿಲ್ಲ ಎಂದು ಕಿವಿ ಕಲಿತುಬಿಡುತ್ತದೆ. ಒಬ್ಬರದನ್ನು ಇನ್ನೊಬ್ಬರು ನೋಡಬಾರದು.

ಆ ಅಮ್ಮಣ್ಣಿಯನ್ನು ಕಳಿಸಬೇಡಿ. ಸುಮ್ಮನಿರುವವರೆಲ್ಲ ತಿಳಿಯದವರಲ್ಲ.

ದೀಪಾವಳಿಯ ಹೊತ್ತಿಗೆ ನಮ್ಮ ಕಾಲೇಜಿನ ತಪಾಸಣೆ ಇರುತ್ತದೆ. ಈಗಲೇ ಹೇಳಲಾರೆ.

ಇತಿ,
ವಿನೋದಾ


ಮದರಾಸು
9-7-1961

ಚಿ. ವಿನೋದಾ,

ಮೊನ್ನೆ ನಡೆದದ್ದನ್ನು ನಿನಗಲ್ಲದೆ ಯಾರಿಗೂ ಹೇಳುವ ಹಾಗಿಲ್ಲ, ಹೇಳಿದರೆ ನಗುತ್ತಾರೆ. ನಾನು ಇನ್ನೂ ಆ ಆಶ್ಚರ್ಯದಿಂದ ಹೊರಗೆ ಬಂದಿಲ್ಲ.

ನೀನು ಹೇಳಿದ ಹಾಗೇ ಮಾಡಿದೆ. ಹೋಟೆಲಿನವರಿಂದ ಮೂರು ಜೋಡಿ ಲೋಟ, ತಟ್ಟೆ, ಚಮಚ ತಂದು ಒಬ್ಬೊಬ್ಬರ ಎದುರು ಇಟ್ಟೆ. ನಡುವೆ ನಡುವೆ ಹಳೆಯ ಪೇಪರನ್ನು ತೆರೆಯ ಹಾಗೆ ನಿಲ್ಲಿಸಿದೆ. ನಾನು ಇಂಗ್ಲಿಷಿನಲ್ಲಿ ಹೇಳುವುದು, ಅವರು ಹಾಗೆ ಇಡುವುದು. ಬಾಯಿ ಬಿಡುವ ಹಾಗಿಲ್ಲ. ಏಳು ಮಾತು. ಮೊದಲನೆಯದು ಸುಲಭ, ಸಣ್ಣ ಲೋಟ ದೊಡ್ಡ ಲೋಟದ ಹಿಂದೆ. ಆಮೇಲೆ ಬಿಗಿ ಮಾಡುತ್ತ ಹೋದೆ. ಕೊನೆಯದಂತೂ, "ಬಿಫೋರ್ ಯು ಟಚ್ ದ ಸ್ಪೂನ್, ಟರ್ನ್ ದ ಪ್ಲೇಟ್ ಅಪ್‌ಸೈಡ್ ಡೌನ್." ಚಮಚ ಎಂದು ಮೊದಲು ಕಿವಿಗೆ ಬೀಳುತ್ತದೆ, ಆದರೆ ಮೊದಲು ಮುಟ್ಟಬೇಕಾದದ್ದು ತಟ್ಟೆಯನ್ನು. ಇದು ನನ್ನದೇ ಯುಕ್ತಿ, ಪುಸ್ತಕದ್ದಲ್ಲ.

ಪೇಪರು ತೆಗೆದೆ. ಮೋನಪ್ಪನದು ನಾಲ್ಕು ತಪ್ಪು. ಲೋಟದೊಳಗೆ ಚಮಚ ನೆಟ್ಟು ಕೂತಿದ್ದ.

"ಎಂತ ಮೋನಪ್ಪ ಇದು?" ಎಂದೆ.

"ಮಾಷ್ಟ್ರೇ, ನನ್ನ ಲೋಟಕ್ಕೆ ಇಂಗ್ಲಿಷ್ ಬರೂದಿಲ್ಲ. ನಾನೆಂತ ಮಾಡೂದು?"

ಪಂಢರಿನಾಥ ಬಗ್ಗಿ ನೋಡಿ, "ಕಾಫಿ ಕಲಸ್ಲಿಕ್ಕೆ ಹೇಳಿದ್ದಾ ಅವರು? ಹೋಟೆಲಿನ ಬುದ್ಧಿ ಎಲ್ಲಿ ಹೋಗ್ತದೆ ಮಾರಾಯಾ" ಎಂದ. ಅವನದೂ ಎರಡು ತಪ್ಪು.

ಅಮ್ಮಣ್ಣಿಯದು ಒಂದೂ ಇಲ್ಲ. ಏಳಕ್ಕೆ ಏಳು.

ನಾನು ಅದೃಷ್ಟ ಎಂದುಕೊಂಡೆ. ಇನ್ನೊಮ್ಮೆ ಮಾಡಿಸಿದೆ, ಇನ್ನೂ ಬೇಗ ಬೇಗ ಹೇಳಿದೆ, ಇದ್ದಬದ್ದ ಕಾಲೇಜಿನ ಇಂಗ್ಲಿಷನ್ನೆಲ್ಲ ತಂದು ಸುರಿದೆ. ಅವಳ ಕೈ ನನ್ನ ಬಾಯಿಯ ಹಿಂದೆಯೇ ಬರುತ್ತಿತ್ತು. ನನ್ನ ಮಾತು ಮುಗಿಯುವುದಕ್ಕೂ ಅವಳ ಕೈ ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. ಮೋನಪ್ಪನ ನಗುವೂ ನಿಂತಿತು.

"ಎಲ್ಲಿ ಕಲಿತೆಯಮ್ಮ?" ಎಂದೆ.

"ರಾಯಪುರಂನಲ್ಲಿ ಒಂದು ದೊರೆಸಾನಿ ಮನೇಲಿ ಹನ್ನೊಂದು ವರ್ಷ ಆಯಾ ಆಗಿದ್ದೆ ಸಾರ್. ನಂಗೆ ಬಾಯಲ್ಲಿ ಬರಲ್ಲ. ಕಿವೀಲಿ ಬರತ್ತೆ."

"ಹನ್ನೊಂದು ವರ್ಷದಲ್ಲಿ ಒಂದು ಮಾತೂ ಆಡಲಿಲ್ಲವಾ?"

"ಆಯಾ ಮಾತಾಡಿದ್ರೆ ಎದುರುಮಾತು ಅಂತಾರೆ ಸಾರ್. ಚುಮ್ಮಾ ಇದ್ರೆ ಒಳ್ಳೇವಳು. ನನ್ನ ಎದುರಿಗೇ ಎಲ್ಲಾ ಮಾತಾಡೋರು, ಗಂಡಹೆಂಡ್ತಿ ಜಗಳ, ಯಾರ್ನ ಕೆಲಸದಿಂದ ತೆಗೀಬೇಕು, ಎಲ್ಲಾನೂ. ನನ್ನ ತೆಗೆಯೋದೂ ನಂಗೆ ಒಂದು ವಾರ ಮುಂಚೇನೇ ಗೊತ್ತಿತ್ತು."

ಎರಡು ತಿಂಗಳಿನಿಂದ ಇವಳ ಎದುರೇ ಪಂಢರಿನಾಥನಿಗೆ ಇಂಗ್ಲಿಷಿನಲ್ಲಿ "ದಿಸ್ ಲೇಡಿ ಈಸ್ ಹೋಪ್‌ಲೆಸ್" ಎಂದಿದ್ದೇನೆ. ಎರಡು ಸಲ. ಅವಳು ಹಾಗೇ ನನ್ನ ಮುಖ ನೋಡಿಕೊಂಡಿದ್ದಳು.

ಮನೆಗೆ ಬರುವಾಗ ಬಸ್ಸಿನಲ್ಲಿ ನಿನ್ನ ತಾಯಿಯ ನೆನಪು ಬಂತು. ನಾನು ಮನೆಯಲ್ಲಿ ಎಷ್ಟು ಇಂಗ್ಲಿಷ್ ಮಾತಾಡಿದವನು. ಇಪ್ಪತ್ತೆಂಟು ವರ್ಷ ಅವಳ ಕಿವಿಗೂ ಬಿದ್ದಿತ್ತು, ಆದರೆ ಬಂಡೆಯ ಮೇಲೆ ಮಳೆ ಬಿದ್ದ ಹಾಗೆ. ಅವಳದು ತಪ್ಪಲ್ಲ, ಓದಿದವಳಲ್ಲ ಪಾಪ. ಆದರೆ ಮನಸ್ಸು? ಕೊನೆಯ ತಿಂಗಳು ನನ್ನ ಕೈ ಹಿಡಿದು, "ನಾನು ಹೋದ ಮೇಲೆ ಒಬ್ಬರೇ ಇರುದು ಬೇಡ. ಓದಿದವಳನ್ನೇ ನೋಡಿ ಮಾಡ್ಕೊಳ್ಳಿ" ಎಂದಳಲ್ಲ. ಹೊಟ್ಟೆಯಲ್ಲಿ ಬರೀ ಗ್ಯಾಸು ಎಂದು ನಂಬಿದ್ದವಳು. ಏನೂ ತಿಳಿಯದವಳ ಬಾಯಲ್ಲಿ ದೇವರೇ ಆಡಿಸಿದ ಹಾಗೆ. ಇದನ್ನು ನಿನ್ನೆ ಕ್ಲಾಸಿನಲ್ಲೂ ಹೇಳಿದೆ. ಮೋನಪ್ಪ ಕಣ್ಣೊರೆಸಿಕೊಂಡ.

ಇಂಥ ತಾಯಿಯ ಮಗಳು ನೀನು, ಮನೆಗೆ ಬಾರದೆ ಇರುವುದು ಸರಿಯೇ?

ಅಪ್ಪಯ್ಯ


ಧಾರವಾಡ
26-7-1961

ಅಪ್ಪಯ್ಯ,

ನಿಮ್ಮ ಪತ್ರ ಬಂದು ಹದಿನಾಲ್ಕು ದಿನವಾಯಿತು. ಉತ್ತರ ಬರೆಯಬಾರದು ಎಂದೇ ಇದ್ದೆ. ನಾನು ಅಮ್ಮನಿಗೆ ಮಾತು ಕೊಟ್ಟಿದ್ದೆ. ಆದರೆ ಬಂಡೆಯ ಮೇಲೆ ಮಳೆ ಎಂಬ ಮಾತನ್ನು ಓದಿದ ಮೇಲೆ ಆ ಮಾತು ನಡೆಸುವುದು ನನ್ನಿಂದ ಆಗುತ್ತಿಲ್ಲ.

ಅಮ್ಮನಿಗೆ ಇಂಗ್ಲಿಷ್ ಅರ್ಥವಾಗುತ್ತಿತ್ತು. ಅಲ್ಲೊಂದು ಇಲ್ಲೊಂದು ಶಬ್ದ ಅಲ್ಲ, ಎಲ್ಲವೂ.

ನಾನು ಆರು ವರ್ಷದವಳಿದ್ದಾಗಿನಿಂದ ಸಂಜೆ ನೀವು ನನಗೆ ರೀಡರು ಓದಿಸುತ್ತಿದ್ದಿರಿ. ಅಮ್ಮ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ನೀವು ಡಿಕ್ಟೇಷನ್ ಹೇಳುವಾಗ ತುರಿಯುವ ಸದ್ದು ನಿಲ್ಲುತ್ತಿತ್ತು. "ಏನು, ಇವತ್ತು ಊಟಕ್ಕೆ ನಾಳೆಯಾಗುತ್ತದೋ?" ಎಂದು ನೀವು ಗದರಿದ್ದೂ ಉಂಟು. ಅವಳ ಕೈ ಸೋತದ್ದಲ್ಲ, ಕೇಳಲಿಕ್ಕೆ ನಿಲ್ಲಿಸುತ್ತಿದ್ದಳು. ನೀವು ಆಫೀಸಿಗೆ ಹೋದ ಮೇಲೆ ನನ್ನನ್ನು ಕೇಳುತ್ತಿದ್ದಳು, ಆ ಶಬ್ದಕ್ಕೆ ಏನು, ಈ ಶಬ್ದಕ್ಕೆ ಏನು ಎಂದು. ನಾನು ಶಾಲೆಯಿಂದ ಬಂದು ಪಾಠವನ್ನೆಲ್ಲ ಅವಳಿಗೆ ಓದಿ ಹೇಳಬೇಕಿತ್ತು. ರಾತ್ರಿ ರೇಡಿಯೋದ ಇಂಗ್ಲಿಷ್ ವಾರ್ತೆ ಬಂದಾಗ "ಆಫ್ ಮಾಡಬಾರದೇ, ನಿನಗೇನು ತಿಳಿಯುತ್ತದೆ" ಎನ್ನುತ್ತಿದ್ದಿರಿ. ಆಫ್ ಮಾಡುತ್ತಿದ್ದಳು. ಅಷ್ಟರಲ್ಲಿ ಮುಖ್ಯ ಸುದ್ದಿ ಮುಗಿದಿರುತ್ತಿತ್ತು.

1956ರ ಜುಲೈಯಲ್ಲಿ ಒಂದು ಮಧ್ಯಾಹ್ನ ಡಾಕ್ಟರು ಮನೆಗೆ ಬಂದರು. ನಿಮ್ಮ ಆಫೀಸಿನ ತಿರುಮಲಾಚಾರ್ಯರೂ ಇದ್ದರು. ಅಮ್ಮ ಮಂಚದ ಮೇಲೆ ಇದ್ದಳು, ನೀವು ಮೂವರೂ ಅವಳ ತಲೆಯ ಮೇಲಿಂದ ಇಂಗ್ಲಿಷಿನಲ್ಲಿ ಮಾತಾಡಿದಿರಿ. ನಾನು ಕಾಲೇಜಿನಿಂದ ಬಂದಾಗ ಅವಳು ಎದ್ದು ಕೂತು ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ನನ್ನನ್ನು ಹತ್ತಿರ ಕರೆದು, "ಅಟ್ ದ ಮೋಸ್ಟ್ ಅಂದ್ರೆ ಹೆಚ್ಚೆಂದರೆ ಅಂತ ಅಲ್ವಾ?" ಎಂದಳು. ಹೌದು ಎಂದೆ. "ಹಾಗಾದ್ರೆ ಮೂರು ತಿಂಗಳು ಪೂರ್ತಿ ಸಿಕ್ಕುದಿಲ್ಲ" ಎಂದಳು.

ನನಗೆ ಗೊತ್ತಾದದ್ದು ಹಾಗೆ. ನಿಮ್ಮಿಂದಲ್ಲ. ನೀವು ನನಗೂ ಗ್ಯಾಸು ಎಂದೇ ಹೇಳಿದಿರಿ.

ಅಪ್ಪಯ್ಯನಿಗೆ ಹೇಳುವ, ನಿನಗೆ ಎಲ್ಲ ಗೊತ್ತುಂಟು ಅಂತ, ಎಂದು ಅಳುತ್ತ ಅಮ್ಮನಿಗೆ ಹೇಳಿದೆ. ಬೇಡ ಎಂದಳು. "ನನಗೆ ತಿಳೀತದೆ ಅಂತ ಗೊತ್ತಾದ್ರೆ ಅವರು ಮತ್ತೆ ಎಲ್ಲಿ ಹೋಗಿ ಮಾತಾಡ್ತಾರೆ? ಅವರಿಗೆ ಬೇರೆ ಜಾಗ ಉಂಟಾ?" ಎಂದಳು. ನನ್ನಿಂದ ಮಾತು ತೆಗೆದುಕೊಂಡಳು. ಅಲ್ಲಿಂದ ಒಂದೇ ಮನೆಯಲ್ಲಿ ಮೂವರೂ ನಾಟಕ ಆಡಿದೆವು. ನೀವು ಗ್ಯಾಸಿನ ಮದ್ದು ತರುವುದು, ನಾನು ಚಮಚಕ್ಕೆ ಹಾಕಿ ಕೊಡುವುದು, ಅವಳು "ಈಗ ಸ್ವಲ್ಪ ಹಗುರ ಆಯ್ತು" ಎನ್ನುವುದು. ಅವಳಿಗೆ ಹೆದರಿಕೆಯಾದಾಗ ಹೆದರಿಕೆಯಾಗುತ್ತದೆ ಎಂದು ಹೇಳಲು ನಿಮ್ಮ ಹತ್ತಿರ ಬರುವ ಹಾಗಿರಲಿಲ್ಲ.

ನಾನು ಮನೆಗೆ ಬಾರದ ಕಾರಣ ಇದು. ಪರೀಕ್ಷೆ, ಕ್ಯಾಂಪು ಎಲ್ಲ ಸುಳ್ಳು.

ಆ ದಿನ ನೀವು ಅಲ್ಲಿ ನಿಂತು ಏನು ಹೇಳಿದಿರಿ ಎಂದು ನನಗೆ ಗೊತ್ತಿದೆ, ಅಮ್ಮ ಹೇಳಿದ್ದಾಳೆ. ಅದನ್ನು ನೀವೇ ನನಗೆ ಕನ್ನಡದಲ್ಲಿ ಬರೆಯಿರಿ. ಬರೆದರೆ ದೀಪಾವಳಿಗೆ ಬರುತ್ತೇನೆ. ಬರೆಯದಿದ್ದರೆ ಇನ್ನು ಕರೆಯಬೇಡಿ.

ವಿನೋದಾ


ಮದರಾಸು
30-7-1961
(ಕಾರ್ಡು)

ನಿನ್ನ ಪತ್ರ ತಲುಪಿತು. ಒಮ್ಮೆ ಓದಿದೆ. ಎರಡನೆಯ ಸಲ ತೆರೆಯಲಿಲ್ಲ. ಕ್ಲಾಸಿಗೆ ಹೋಗಿಲ್ಲ. ಮೈಗೆ ಏನಿಲ್ಲ, ಹೆದರಬೇಡ.

ಅಪ್ಪಯ್ಯ


ಮದರಾಸು
22-8-1961

ಚಿ. ವಿನೋದಾ,

ಮೂರು ವಾರವಾಯಿತು. ಬರೆಯಲು ಕೂರುತ್ತೇನೆ, ಏಳುತ್ತೇನೆ. ಇಲ್ಲಿ ಸೆಖೆ ಹಾಗೇ ಉಂಟು. ಕಾರ್ಪೊರೇಷನ್ನಿನವರು ನೀರು ಬಿಡುವುದು ಬೆಳಿಗ್ಗೆ ಒಂದು ಗಂಟೆ ಮಾತ್ರ.

ಮೊದಲು ನಿನ್ನನ್ನು ನಂಬಲಿಲ್ಲ. ಹುಡುಗಿ ಸಿಟ್ಟಿನಲ್ಲಿ ಕಟ್ಟಿ ಬರೆದಿದ್ದಾಳೆ ಎಂದುಕೊಂಡೆ. ಆಮೇಲೆ ಆ ಕಾಯಿ ತುರಿಯುವ ಸದ್ದು ನೆನಪಾಯಿತು. ನಿಲ್ಲುತ್ತಿತ್ತು, ಹೌದು. ನಾನು ವಾಕ್ಯ ಮುಗಿಸಿ "ಫುಲ್‌ಸ್ಟಾಪ್" ಎಂದ ಮೇಲೆ ಮತ್ತೆ ಶುರುವಾಗುತ್ತಿತ್ತು. ಆ ಸದ್ದು ನನ್ನ ಕಿವಿಗೇ ಬಿದ್ದಿತ್ತು, ಹದಿನಾಲ್ಕು ವರ್ಷ. ಕಿವಿಗೆ ಪಾಠ ಹೇಳುವ ಮಾಷ್ಟ್ರು ನಾನು.

ಈಗ ನನಗೆ ಮನೆಯಲ್ಲಿ ಕೂರಲಾಗುವುದಿಲ್ಲ. ಎಲ್ಲಿ ಕೂತರೂ ಅಲ್ಲಿ ನಾನು ಇಂಗ್ಲಿಷಿನಲ್ಲಿ ಆಡಿದ ಯಾವುದೋ ಮಾತು ಎದ್ದು ಬರುತ್ತದೆ. ಊಟಕ್ಕೆ ಕೂತರೆ, ಸಾರಿನ ಬಗ್ಗೆ ಅತಿಥಿಗಳ ಎದುರು ಆಡಿದ್ದು. ಜಗಲಿಯಲ್ಲಿ ಕೂತರೆ, ಅವಳ ತವರಿನವರ ಬಗ್ಗೆ ಆಡಿದ್ದು. ಒಮ್ಮೆ ಅವಳ ಹಲ್ಲಿನ ಬಗ್ಗೆ ಹಾಸ್ಯ ಮಾಡಿದ್ದೆ, ಅವಳೇ ಕಾಫಿ ತಂದು ಕೈಗೆ ಕೊಡುತ್ತಿರುವಾಗ. ನಾವು ಗಂಡಸರೆಲ್ಲ ಹಾಗೇ ಇದ್ದೆವು, ಆ ಕಾಲದ ಅಭ್ಯಾಸ. ಹೆಂಗಸರಿಗೆ ಕನ್ನಡ, ತರಕಾರಿಯವಳಿಗೆ ತಮಿಳು, ಮನೆಯವರಿಗೆ ತಿಳಿಯಬಾರದ್ದಕ್ಕೆ ಇಂಗ್ಲಿಷ್. ಬಾಗಿಲು ಮುಚ್ಚುವ ಬದಲು ಭಾಷೆ ಬದಲಿಸುತ್ತಿದ್ದೆವು.

ತಿರುಮಲಾಚಾರ್ಯರಿಗೆ ಹೇಳಿದೆ. "ಅಯ್ಯಯ್ಯೋ ಸ್ವಾಮಿ, ಹಾಗಾದ್ರೆ ನಮ್ಮಾಕೆ?" ಎಂದರು. ಕೊಡೆಯನ್ನೂ ಮರೆತು ಎದ್ದು ಹೋದರು. ಮೂರು ದಿನ ಬಿಟ್ಟು ಬಂದು ಹೇಳುತ್ತಾರೆ, "ಕೇಳೋಕೆ ಧೈರ್ಯ ಬರಲಿಲ್ಲ. ಆದ್ರೆ ಅವಳ ಮುಂದೆ ಫೋನಲ್ಲಿ ಇಂಗ್ಲಿಷ್ ಬಿಟ್ಟಿದ್ದೀನಿ. ಯಾಕೆ ಬಿಟ್ರಿ ಅಂತ ಅವಳೂ ಕೇಳಲಿಲ್ಲ ಸ್ವಾಮಿ. ಅದಕ್ಕೇ ನಂಗೆ ಭಯ."

ನೀನು ಕೇಳಿದ್ದು ಆ ಜುಲೈಯ ದಿನದ್ದು. ನನಗೆ ಪ್ರಾಯವಾಯಿತು, ಎಲ್ಲ ಮಸುಕು. ಡಾಕ್ಟರು ನೋಡಿದರು, ಎಚ್ಚರಿಕೆಯಿಂದ ನೋಡಿಕೊಳ್ಳಿ ಎಂದರು. ನಾನು "ಸರ್ಟನ್ಲಿ ಡಾಕ್ಟರ್" ಎಂದೆ. ಆಚಾರ್ಯರು ಕಾಫಿ ಕುಡಿದು ಹೋದರು. ಹೆಚ್ಚು ಏನಿಲ್ಲ.

ಅಪ್ಪಯ್ಯ


ಧಾರವಾಡ
29-8-1961
(ಕಾರ್ಡು)

ಅಪ್ಪಯ್ಯ, ನಾನು ಕೇಳಿದ್ದು ಇದನ್ನಲ್ಲ.

ವಿನೋದಾ


ಮದರಾಸು
25-9-1961

ವಿನೋದಾ,

ನಿನ್ನ ಕಾರ್ಡನ್ನು ಕನ್ನಡಿಯ ಹಿಂದೆ ಸಿಕ್ಕಿಸಿ ಇಟ್ಟಿದ್ದೆ. ಉತ್ತರ ಕೊಡದೆ ಹಾಗೇ ಸತ್ತರೆ ಒಳ್ಳೆಯದು ಎಂದೂ ಒಂದು ದಿನ ಅನ್ನಿಸಿತು.

ಹೋದ ವಾರ ಅಮ್ಮಣ್ಣಿ ಮನೆ ಹುಡುಕಿಕೊಂಡು ಬಂದಳು. ಮೋನಪ್ಪ ಜೊತೆಗಿದ್ದ, ಹೋಟೆಲಿನಿಂದ ಒಂದು ಪೊಟ್ಟಣ ಬನ್ಸ್ ತಂದಿದ್ದ. "ಮಾಷ್ಟ್ರೇ, ನೀವು ಬಾರದೆ ನನ್ನ ಇಂಗ್ಲಿಷ್ ಹಳಸಿ ಹೋಯಿತು" ಎಂದ. ಅಮ್ಮಣ್ಣಿಗೆ ಸೋಮವಾರ ಇಂಟರ್‌ವ್ಯೂ, ಮಾಷ್ಟ್ರ ಒಂದು ಪತ್ರ ಬೇಕು. ಬರೆದು ಕೊಟ್ಟೆ. ಇವಳಿಗೆ ಮಾತಾಡಲು ಬಾರದಿದ್ದರೂ ಹೇಳಿದ್ದೆಲ್ಲ ತಿಳಿಯುತ್ತದೆ, ಇದನ್ನು ತಿಳಿಯದೆ ಇವಳ ಎದುರು ಮಾತಾಡಬಾರದು, ಎಂದು ಬರೆದೆ.

ಹೊರಡುವಾಗ ಅವಳನ್ನು ಕೇಳಿದೆ. "ಅಮ್ಮಣ್ಣಿ, ನಾನು ನಿನ್ನನ್ನು ಹೋಪ್‌ಲೆಸ್ ಅಂದದ್ದು ನಿನಗೆ ತಿಳಿದಿತ್ತಲ್ಲ. ಯಾಕೆ ಬಿಟ್ಟು ಹೋಗಲಿಲ್ಲ?"

"ಅದೇನು ದೊಡ್ಡ ಮಾತು ಸಾರ್. ಅದಕ್ಕಿಂತ ದೊಡ್ಡದು ಕೇಳಿದ್ದೀನಿ" ಎಂದಳು.

"ಆ ದೊಡ್ಡದನ್ನು ಹೇಳಿದವರು ಯಾವತ್ತಾದರೂ ತಪ್ಪಾಯಿತು ಅಂದರಾ?"

ಅವಳು ನಕ್ಕಳು. "ಅವ್ರಿಗೆ ನಂಗೆ ಗೊತ್ತು ಅಂತಾನೇ ಗೊತ್ತಿಲ್ಲ. ಎಲ್ಲಿಂದ ತಪ್ಪಾಯ್ತು ಅಂತಾರೆ? ಈಗ ಮರೆತೂ ಇರ್ತಾರೆ ಬಿಡಿ ಸಾರ್. ಹೇಳಿದೋರಿಗೆ ಮರೆಯತ್ತೆ."

ನಾನು ಮರೆತಿಲ್ಲ ವಿನೋದಾ. ಮಸುಕು ಎಂದು ಬರೆದದ್ದು ಸುಳ್ಳು. ಆ ದಿನ ಅವಳು ಉಟ್ಟಿದ್ದ ಸೀರೆಯ ಅಂಚು ಕೂಡ ನೆನಪಿದೆ. ಈ ಪತ್ರವನ್ನು ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಆ ಮಾತಿನ ಹತ್ತಿರ ಬಂದಾಗ ಲೇಖನಿ ಇಂಗ್ಲಿಷಿಗೆ ಜಾರಿತು. ಇಂಗ್ಲಿಷಿನಲ್ಲಿ ಅದು ಅಷ್ಟು ಕೆಟ್ಟದಾಗಿ ಕಾಣುವುದಿಲ್ಲ. ಈಗ ಕನ್ನಡದಲ್ಲಿ ಬರೆಯುತ್ತೇನೆ. ನಿನ್ನ ತಾಯಿ ನಿನಗೆ ಹೇಳಿದ್ದೇ ಇದು, ಹೊಸದೇನಿಲ್ಲ. ಆದರೂ ನನ್ನ ಕೈಯಿಂದ ಬರಬೇಕು ಎಂದೆಯಲ್ಲ.

ಡಾಕ್ಟರು ಹೇಳಿದರು, ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ಕತ್ತರಿಸುವ ಹಂತ ದಾಟಿದೆ, ಹೆಚ್ಚೆಂದರೆ ಮೂರು ತಿಂಗಳು. ನಾನು ಹೇಳಿದೆ, ಅವಳಿಗೆ ಹೇಳಬೇಡಿ, ಅವಳು ಮಗುವಿನಂಥವಳು, ತಡೆದುಕೊಳ್ಳಲಾರಳು, ಹೇಳಿದರೂ ತಿಳಿಯುವುದಿಲ್ಲ. ಡಾಕ್ಟರು ಚೀಲ ತೆಗೆದುಕೊಂಡು ಹೋದರು.

ತಿರುಮಲಾಚಾರ್ಯರು ಕೇಳಿದರು, ಮುಂದೆ ನಿಮ್ಮ ಗತಿ ಏನು, ಹುಡುಗಿಯೂ ಮದುವೆಯಾಗಿ ಹೋಗುವವಳು. ನಾನು ಹೇಳಿದೆ, ಅಣ್ಣ ಆಗಲೇ ಒಂದು ಸಂಬಂಧದ ಬಗ್ಗೆ ಬರೆದಿದ್ದಾನೆ, ಬ್ರಹ್ಮಾವರದ ಕಡೆ ಒಬ್ಬಳು ಶಾಲೆಯ ಟೀಚರು. ಇಪ್ಪತ್ತೆಂಟು ವರ್ಷ ಅಪ್ಪ ಕೊರಳಿಗೆ ಕಟ್ಟಿದ್ದರ ಜೊತೆ ದೂಡಿದೆ. ಈ ಸಲವಾದರೂ ಓದಿದವಳು ಸಿಗಲಿ.

ಹೀಗೆ ಹೇಳಿದೆ. ಅವಳು ಎರಡು ಮೊಳ ದೂರದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬದುಕಿದ್ದಳು. ಯುಗಾದಿಯಿಂದ ಮಲಗಿದವಳು ಇನ್ನು ಏಳುವುದಿಲ್ಲ ಎಂದು ಅಣ್ಣ ಊರಲ್ಲಿ ಕೂತು ಲೆಕ್ಕ ಹಾಕಿದ್ದ, ನಾನು ಅವನ ಕಾಗದವನ್ನು ಹರಿದೆಸೆಯದೆ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಅವಳು ಈ ಕಡೆ ತಿರುಗಿದಳು. ಮಂಚ ಹಿಡಿದು ಎದ್ದಳು. "ಆಚಾರ್ಯರಿಗೆ ಕಾಫಿ ಮಾಡ್ತೇನೆ" ಎಂದಳು. ನಾನು ಬೇಡ ಅನ್ನಲಿಲ್ಲ. ಮಾಡಿ ತಂದಳು. ನಾವಿಬ್ಬರೂ ಕುಡಿದೆವು.

ಎರಡು ತಿಂಗಳು ಕಳೆದ ಮೇಲೆ ನನ್ನ ಕೈ ಹಿಡಿದು, ಓದಿದವಳನ್ನೇ ನೋಡಿ ಮಾಡ್ಕೊಳ್ಳಿ, ಎಂದದ್ದು ದೇವರು ಆಡಿಸಿದ್ದಲ್ಲ. ನನ್ನ ಮಾತನ್ನು ನನಗೇ ಹಿಂದೆ ಕೊಟ್ಟದ್ದು. ನನಗೆ ಅದು ಆಗ ಗೊತ್ತಾಗಲಿಲ್ಲ. ಐದು ವರ್ಷ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ನನ್ನ ಹೆಂಡತಿ ಎಂಥವಳು ನೋಡಿ ಎಂದು. ಆ ಟೀಚರ ಸಂಬಂಧವನ್ನು ಆಮೇಲೆ ಬೇಡವೆಂದು ಬರೆದೆ. ಅದು ಈಗ ಯಾವ ಲೆಕ್ಕಕ್ಕೂ ಬರುವುದಿಲ್ಲ, ಗೊತ್ತು.

ಇಷ್ಟೇ. ಬರುವುದು ಬಿಡುವುದು ನಿನ್ನದು.

ಅಪ್ಪಯ್ಯ


ಧಾರವಾಡ
14-10-1961

ಅಪ್ಪಯ್ಯ,

ಇದು ಮೂರನೆಯ ಕಾಗದ. ಮೊದಲನೆಯದರಲ್ಲಿ ಬರುವುದಿಲ್ಲ ಎಂದು ಬರೆದಿದ್ದೆ. ಎರಡನೆಯದರಲ್ಲಿ ಏನು ಬರೆದಿದ್ದೆ ಎಂದು ಹೇಳಲಾರೆ. ಎರಡನ್ನೂ ಹರಿದೆ.

ಅಮ್ಮ ನನಗೆ ಹೇಳಿದ್ದು ಡಾಕ್ಟರ ಮಾತು, ಮತ್ತು ಅವಳಿಗೆ ಹೇಳಬೇಡಿ, ಮಗುವಿನಂಥವಳು ಎಂದು ನೀವು ಅಂದ ಮಾತು. ಅಷ್ಟೇ. ನಾನು ನಿಮ್ಮಿಂದ ಬರೆಸಬೇಕೆಂದಿದ್ದದ್ದು ಅದೊಂದನ್ನೇ. ಅದೊಂದಕ್ಕೇ ಐದು ವರ್ಷ ದೂರ ಇದ್ದೆ.

ಟೀಚರ ವಿಷಯ ನನಗೆ ಗೊತ್ತೇ ಇರಲಿಲ್ಲ. ಓದಿದವಳು ಸಿಗಲಿ ಎಂಬ ಮಾತನ್ನು ನಾನು ಮೊದಲ ಸಲ ಓದಿದ್ದು ನಿಮ್ಮ ಕಾಗದದಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಿಂತುಕೊಂಡು. ಯಾರೋ ಕುರ್ಚಿ ಕೊಟ್ಟರು.

ಆ ಸಂಜೆ ನಾನು ಅಮ್ಮನನ್ನು ಕೇಳಿದ್ದೆ. ಡಾಕ್ಟರು ಹೋದ ಮೇಲೆ ಆಚಾರ್ಯರೂ ಅಪ್ಪಯ್ಯನೂ ಮತ್ತೆಂತ ಮಾತಾಡಿದರು ಎಂದು. ಅವಳು ಸೊಪ್ಪು ಬಿಡಿಸುತ್ತಲೇ, "ಮತ್ತೆಲ್ಲ ಆಫೀಸು ಸುದ್ದಿ" ಎಂದಳು. ನಾನು ನಂಬಿದೆ. ಅವಳು ಕೇಳಿದ್ದೆಲ್ಲ ನನಗೆ ಗೊತ್ತು ಎಂದು ಇಲ್ಲಿಯ ತನಕ ನಂಬಿದ್ದೆ. ದಿನಾ ನಲವತ್ತು ಜನಕ್ಕೆ ಕಿವಿಗೊಟ್ಟು ಕೇಳುವುದು ಹೇಗೆ ಎಂದು ಪಾಠ ಹೇಳುತ್ತೇನೆ.

ಅವಳು ನಿಮ್ಮನ್ನು ನನ್ನ ಸಿಟ್ಟಿನಿಂದ ಉಳಿಸಿದ್ದಳು ಅಪ್ಪಯ್ಯ. ತಾನು ಸತ್ತ ಮೇಲೆ ನಿಮಗೆ ಇರುವುದು ನಾನೊಬ್ಬಳೇ, ನನಗೂ ನೀವೇ ಎಂದು ಎಣಿಸಿರಬೇಕು. ಆ ಮಾತನ್ನು ಒಬ್ಬಳೇ ಹೊತ್ತುಕೊಂಡು ಹೋದಳು. ನಾನು ಹಟ ಹಿಡಿದು ಅದನ್ನು ಹೊರಗೆ ಎಳೆದೆ. ಈಗ ಅದನ್ನು ಎಲ್ಲಿ ಇಡಬೇಕು ಎಂದು ತಿಳಿಯುತ್ತಿಲ್ಲ.

ನಿಮ್ಮ ಮೇಲೆ ಸಿಟ್ಟು ಇದೆ. ಮೊದಲಿನದಕ್ಕಿಂತ ಹೆಚ್ಚು ಇದೆ. ಅವಳ ಮೇಲೂ ಬರುತ್ತದೆ, ಆಚಾರ್ಯರಿಗೆ ಕಾಫಿ ಮಾಡಲು ಎದ್ದಳಲ್ಲ ಎಂದು. ಆದರೆ ಬರೆದರೆ ಬರುತ್ತೇನೆ ಎಂದಿದ್ದೆ, ನೀವು ಬರೆದಿರಿ. ಇಷ್ಟನ್ನು ಮುಚ್ಚಿಡಬಹುದಿತ್ತು, ನನಗೆ ತಿಳಿಯುತ್ತಲೇ ಇರಲಿಲ್ಲ. ನೀವು ಮುಚ್ಚಿಡಲಿಲ್ಲ.

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಬೆಳಿಗ್ಗೆ ಗುಂತಕಲ್ಲಿನ ಗಾಡಿಯಲ್ಲಿ ಬಂದು ಇಳಿಯುತ್ತೇನೆ. ಸ್ಟೇಷನ್ನಿಗೆ ಬರಬೇಡಿ. ಅಷ್ಟು ಜನರ ನಡುವೆ ನಿಮ್ಮ ಮುಖ ಮೊದಲು ಕಾಣುವುದು ಬೇಡ. ಎಷ್ಟು ದಿನ ಇರುತ್ತೇನೆ ಎಂದು ಹೇಳಲಾರೆ, ಒಂದು ದಿನವೂ ಇರಲಾಗದೇ ಹೋಗಬಹುದು.

ಮನೆಗೆ ಬಂದ ಮೇಲೆ ಕಾಗದದಲ್ಲಿ ಬರೆದದ್ದನ್ನು ನನ್ನ ಎದುರು ಕೂತು ಬಾಯಿಬಿಟ್ಟು ಹೇಳಿ. ನಾನು ನಡುವೆ ಮಾತಾಡುವುದಿಲ್ಲ. ಗೋಡೆಯ ಕಡೆ ತಿರುಗುವುದೂ ಇಲ್ಲ. ನನಗೆ ತಿಳಿಯುತ್ತದೆ ಎಂದು ಗೊತ್ತಿಟ್ಟುಕೊಂಡೇ ಹೇಳಿ.

ವಿನೋದಾ